ಗಾರ್ತ್‌ನ ಮೊದಲ ಬೇಟೆ

ಈ ಎಲೆಕೋಸು ಸತ್ತಿದೆಯೋ, ಇನ್ನೂ ಜೀವ ಇದೆಯೋ? ಬೇಟೆಯಾಡಿದ ಸೀಲ್ ಪ್ರಾಣಿಯಾಗಿದ್ದರೆ ಕಣ್ಣು ಮುಟ್ಟಿ ತಿಳಿಯಬಹುದಿತ್ತು. ಎಲೆಕೋಸಿಗೆ ಕಣ್ಣೆಲ್ಲಿ? ಕೂಮುಕ್ ಅದನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ.

"ಹಿಂದಿನ ಕಸದ ತೊಟ್ಟಿಗೆ ಎಸಿ ಅದನ್ನ," ಎಂದ ಗಾರ್ತ್. "ಮೇಲೆ ಬ್ಲೀಚ್ ಸುರಿಯೋದು ಮರೀಬೇಡ."

ಉತ್ತರದ ಹಿಮದಲ್ಲಿರುವ ನಮ್ಮೂರಿಗೆ ಇರುವುದು ಒಂದೇ ಅಂಗಡಿ. ಅದರ ಮ್ಯಾನೇಜರ್ ಗಾರ್ತ್, ದಕ್ಷಿಣದವನು. ಹಣ್ಣು ತರಕಾರಿ ವಿಮಾನದಲ್ಲಿ ಬರುತ್ತವೆ. ನಮಗೆ ಅಗ್ಗವಾಗಿ ಸಿಗಲೆಂದು ಸರ್ಕಾರ ಅಂಗಡಿಗೆ ಸಹಾಯಧನ ಕೊಡುತ್ತದೆ. ಅದು ಅಂಗಡಿಯೊಳಗೆ ಹೋದದ್ದನ್ನು ಕೇಳಿದ್ದೇವೆ, ಹೊರಗೆ ಬಂದದ್ದನ್ನು ಕಂಡಿಲ್ಲ. ಒಂದು ಕಲ್ಲಂಗಡಿಗೆ ಅಲ್ಲಿ ಕೆಲಸಕ್ಕಿರುವ ಕೂಮುಕ್‌ನ ಒಂದು ದಿನದ ಕೂಲಿ. ಕೊಳ್ಳುವವರಿಲ್ಲದೆ ಕೊಳೆತದ್ದಕ್ಕೆ ಬ್ಲೀಚ್. ಇಲ್ಲದಿದ್ದರೆ ನಾವು ಆರಿಸಿಕೊಂಡು ತಿಂದುಬಿಡುತ್ತೇವಲ್ಲ.

ಕೂಮುಕ್‌ನ ಹೆಂಡತಿ ಲೀಟಿಯಾಗೆ ಏಳು ತಿಂಗಳು. ಹಣ್ಣು ತಿನ್ನಬೇಕೆಂದು ನರ್ಸ್ ಬರೆದುಕೊಟ್ಟ ಚೀಟಿ ಅವನ ಜೇಬಿನಲ್ಲೇ ಮಾಸುತ್ತಿತ್ತು.

ಅವತ್ತು ಸಹಾಯಧನದ ಕಚೇರಿಯಿಂದ ಬೆಲೆ ಪರಿಶೀಲಿಸಲು ಮೇಡಂ ಬರುವವರಿದ್ದರು. ಹೊಸ ಮಾಲು ಬಂದಿತ್ತು. ಬೆಲೆಯ ಚೀಟಿಗಳೂ ಹೊಸವು, ಅರ್ಧಕ್ಕಿಂತ ಕಡಿಮೆ.

"ಮೇಡಂ ವಿಮಾನ ಹತ್ತಿದ ತಕ್ಷಣ ಹಳೇ ಚೀಟಿ ಅಂಟಿಸು," ಎಂದ ಗಾರ್ತ್. "ಈಗ ಜನ ಬೇಕು. ಬುಟ್ಟಿ ತುಂಬ್ಕೊಂಡು ಓಡಾಡ್ಲಿ, ಆಮೇಲೆ ಎಲ್ಲಾ ವಾಪಸ್ ಇಡ್ಲಿ. ರೇಡಿಯೋದಲ್ಲಿ ನಿಮ್ಮ ಭಾಷೇಲಿ ಹೇಳ್ಬಿಡು."

"ವಾಪಸ್ ಇಡಿ ಅಂತಾನೂ ಹೇಳ್ಲಾ?"

"ಅದೇ ಮುಖ್ಯ ಕಣಯ್ಯ."

ಊರಿನ ರೇಡಿಯೋ ಇರುವುದು ಪಕ್ಕದ ಕೋಣೆಯಲ್ಲಿ. ಕೂಮುಕ್ ಮೈಕ್ ಹತ್ತಿರಕ್ಕೆ ಎಳೆದುಕೊಂಡ. ಊರಿಗೆಲ್ಲ ಅವನ ಉಸಿರು ಕೇಳಿಸಿತು. ಆಮೇಲೆ ಹೇಳಿದ: "ಗಾರ್ತ್ ಬೇಟೆ ತಂದಿದ್ದಾನೆ. ಅವನ ಮೊದಲ ಬೇಟೆ. ಅಂಗಡಿಯಲ್ಲಿದೆ. ಎಲ್ಲರೂ ಬನ್ನಿ, ಚಾಕು ತನ್ನಿ."

ಪಕ್ಕದಲ್ಲೇ ಇದ್ದ ಗಾರ್ತ್‌ಗೆ ಅರ್ಥವಾದದ್ದು ತನ್ನ ಹೆಸರೊಂದೇ. ಖುಷಿಯಾಗಿ ಹೆಬ್ಬೆರಳೆತ್ತಿದ.

ನಮ್ಮಲ್ಲಿ ಯಾರದೇ ಆದರೂ ಮೊದಲ ಬೇಟೆ ಊರಿನದು. ಹೊಡೆದವನು ಒಂದು ಚೂರೂ ಇಟ್ಟುಕೊಳ್ಳುವಂತಿಲ್ಲ. ಹಂಚಿಕೊಳ್ಳಲು ಯಾರೂ ಹೋಗದಿದ್ದರೆ ಅವನಿಗೆ ಅವಮಾನ. ನಾವು ಯಾರಿಗೂ ಅವಮಾನ ಮಾಡುವವರಲ್ಲ.

ಮೇಡಂ ಬಂದಾಗ ನಾವು ಅಂಗಡಿಯ ನೆಲದ ಮೇಲೆ ರಟ್ಟು ಹಾಸಿ ಸುತ್ತ ಕೂತಿದ್ದೆವು, ಸೀಲ್ ಕೊಯ್ಯಲು ಕೂರುವ ಹಾಗೇ. ನಡುವೆ ಏಳು ಕಲ್ಲಂಗಡಿ. ಟಾಗಾಲಿಕ್ ಅಜ್ಜಿ ಒಂದರ ಹೊಟ್ಟೆ ಸೀಳಿ ಒಳಗೆ ಕೈ ಹಾಕಿ ನೋಡಿದಳು.

"ಕರುಳೇ ಇಲ್ವಲ್ಲೋ ಇದಕ್ಕೆ. ಪಾಪ, ಹೇಗೆ ಬದುಕಿತ್ತೋ."

ಆಮೇಲೆ ಎದ್ದು ಬಂದು ಗಾರ್ತ್‌ನ ಕೆನ್ನೆ ಹಿಂಡಿದಳು. "ಎಷ್ಟು ವರ್ಷ ಈ ಮಗುಗೆ?"

"ಐವತ್ತೆರಡು ಅಜ್ಜಿ," ಎಂದ ಕೂಮುಕ್.

"ತಡವಾಯ್ತು. ಪರವಾಗಿಲ್ಲ ಬಿಡು, ಕೆಲವರು ನಿಧಾನ." ಗಾರ್ತ್‌ನ ಕೈಯಲ್ಲಿದ್ದ ಕಿತ್ತಳೆಯನ್ನು ಕಿತ್ತುಕೊಂಡಳು. "ನೀನು ತಿನ್ನೋ ಹಾಗಿಲ್ಲಪ್ಪ."

ಮೇಡಂ ಫೋಟೋ ತೆಗೆಯುತ್ತಲೇ ಇದ್ದರು. ಅವರ ಕಣ್ಣು ತುಂಬಿತ್ತು. "ಇದನ್ನೆಲ್ಲ ಪುಕ್ಕಟೆ ಹಂಚ್ತಿದ್ದೀರಾ?"

ಗಾರ್ತ್ ಅಜ್ಜಿಯ ಚಾಕು ನೋಡಿದ, ಮೇಡಂ ಕೈಯ ಕ್ಯಾಮೆರಾ ನೋಡಿದ. "ಇಲ್ಲಿನ ಪದ್ಧತಿ, ಮೇಡಂ," ಎಂದ ಕೊನೆಗೆ.

ಫ್ರೀಜರಿಗೆ ಒರಗಿ ಲೀಟಿಯಾ ನಾಲ್ಕನೇ ಕಿತ್ತಳೆ ಸುಲಿಯುತ್ತಿದ್ದಳು. ಕೂಮುಕ್ ಅವಳನ್ನೇ ನೋಡುತ್ತಿದ್ದ.

ಸಂಜೆ ಹಳೇ ಚೀಟಿಗಳು ಮರಳಿದವು. ರೇಡಿಯೋದಲ್ಲಿ ಏನು ಹೇಳಿದೆ ಎಂದು ಗಾರ್ತ್ ಕೇಳಿದ, ಕೂಮುಕ್ ಇದ್ದದ್ದು ಇದ್ದ ಹಾಗೆ ಹೇಳಿದ. "ನೀನು ತಪ್ಪು ತಿಳ್ಕೊಂಡಿದ್ದೀಯ," ಎಂದ ಗಾರ್ತ್. "ಇದು ಬೇಟೆ ಅಲ್ಲ, ವ್ಯಾಪಾರ." ಕೂಮುಕ್ ತಲೆಯಾಡಿಸಿದ. ಅವನನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಅಂಗಡಿಯಲ್ಲಿ ಎರಡೂ ಭಾಷೆ ಬರುತ್ತಿದ್ದದ್ದು ಅವನಿಗೊಬ್ಬನಿಗೇ.

ಮುಂದಿನ ಗುರುವಾರ ವಿಮಾನದ ಸದ್ದಾಯಿತು. ಈ ಸಲ ರೇಡಿಯೋದಲ್ಲಿ ಯಾರೂ ಕರೆಯಲಿಲ್ಲ. ಆದರೂ ಇಡೀ ಊರು ರಟ್ಟು ತಂದು ಅಂಗಡಿಯ ಮುಂದೆ ಹಾಸಿ ಕೂತಿತು. ಎಲ್ಲರಿಗಿಂತ ಮುಂದೆ ಟಾಗಾಲಿಕ್ ಅಜ್ಜಿ, ಮನೆಯಿಂದ ತಂದ ಕುರ್ಚಿಯಲ್ಲಿ.

"ಎರಡನೇ ಬೇಟೇನೂ ಹಂಚೋದೇ," ಎಂದಳು. "ಹುಡುಗನಿಗೆ ಅಭ್ಯಾಸ ಆಗ್ಬೇಕು."

ಗಾರ್ತ್ ಬಾಗಿಲ ಗಾಜಿಗೆ ಮೂಗು ಒತ್ತಿ ನೋಡಿದ. "ಹೋಗು ಕೂಮುಕ್. ಅವತ್ತು ಹೇಳಿದ್ದು ತಪ್ಪಾಯ್ತು ಅಂತ ಹೇಳು ಅವ್ರಿಗೆ."

ಕೂಮುಕ್ ಹೊರಗೆ ಬಂದ. ನಾವೆಲ್ಲ ಅವನ ಮುಖ ನೋಡಿದೆವು. ಲೀಟಿಯಾ ಸರಿದು ತನ್ನ ರಟ್ಟಿನ ಮೇಲೆ ಜಾಗ ಮಾಡಿದಳು. ಅವನು ಕೂತ.

ತಪ್ಪಾಯಿತು ಎಂದು ಅವನು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.