ಅನಾಥ ಮಕ್ಕಳ ಪಿಟೀಲು

"ಆಚೆ ಇಡು ಆ ಸೌದೇನ! ಇದು ಪರೀಕ್ಷೆ ಕೋಣೆ, ಒಲೆ ಉರಿಸೋ ಜಾಗ ಅಲ್ಲ."

ಸಂಗೀತದ ಟೀಚರು ಹಾಗೆಂದದ್ದು ಹುಡುಗಿಯ ಕೈಯಲ್ಲಿದ್ದ ಪಿಟೀಲಿಗೆ. ಹಣ್ಣಿನ ಪೆಟ್ಟಿಗೆಯ ಹಲಗೆ, ಬೇಲಿಯಿಂದ ಕಡಿದ ಗಟ್ಟಿ ಕೊಂಬೆ, ಇಷ್ಟರಲ್ಲೇ ಅಮ್ಮ ಮಾಡಿಕೊಟ್ಟದ್ದು. ಬಾಗಿಲಲ್ಲಿ ನಿಂತಿದ್ದ ಆ ಅಮ್ಮನಿಗೆ ಬೈಗುಳ ಹೊಸತಲ್ಲ, ಬೈದ ಬಾಯಿ ಹೊಸತು. ಟೀಚರು ಅವಳ ಓಣಿಯಲ್ಲೇ ಬೆಳೆದವಳು. ಮೊನ್ನೆ ಮೊನ್ನೆಯವರೆಗೂ ಅವಳ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು, ಸೀರೆಗಂಟಿದ ಮರದ ಹೊಟ್ಟು ಕೊಡವುತ್ತಾ, "ಅಕ್ಕಾ, ಇನ್ನೊಂದು ಪಿಟೀಲು ಮಾಡ್ಕೊಡೇ, ಅನಾಥಾಶ್ರಮದ ಮಕ್ಕಳು ಕಾಯ್ತಿವೆ" ಎನ್ನುತ್ತಿದ್ದಳು. ಅಕ್ಕ ಎನಿಸಿಕೊಂಡವಳು ಉಳಿ ತಗುಲಿ ಬೆರಳು ಸೀಳಿದರೂ ಕೂಲಿಯ ಮಾತೆತ್ತಿರಲಿಲ್ಲ.

"ನಮ್ಮ ಅಂಗಡಿ ಮುದ್ರೆ ಇದ್ರೆ ಮಾತ್ರ ಪರೀಕ್ಷೆ," ಎಂದ ಪಕ್ಕದಲ್ಲಿ ಕೂತಿದ್ದ ವಾದ್ಯದಂಗಡಿಯ ಸಾಹುಕಾರ. "ಮುರುಕು ಪೆಟ್ಟಿಗೆಗೆ ತಂತಿ ಕಟ್ಟಿದ್ರೆ ಪಿಟೀಲಾಗುತ್ತೇನೇ? ನೋಡು, ಅಲ್ಲಿವೆ ಪಿಟೀಲು ಅಂದ್ರೆ."

ಟೇಬಲ್ಲಿನ ಮೇಲೆ ನಾಲ್ಕು ಪಿಟೀಲು ಮಾರಾಟಕ್ಕಿದ್ದವು. ಉಳಿದ ಮಕ್ಕಳ ಅಪ್ಪಂದಿರು ಅವನ್ನು ಕೊಳ್ಳಲು ಬೆಂಚಿನ ಮೇಲೆ ಬರಿಗೈಯ ಮಕ್ಕಳೊಂದಿಗೆ ಕಾಯುತ್ತಿದ್ದರು. ಅಮ್ಮ ಹತ್ತಿರ ಹೋದಳು. ಎಷ್ಟು ಬಣ್ಣ ಬಳಿದರೇನು, ಹೆತ್ತವಳಿಗೆ ಗುರುತು ಸಿಗದೇ ಹೋಗುತ್ತದೆಯೇ? ನಾಲ್ಕೂ ಅವಳೇ ಕೆತ್ತಿದವು.

"ಇವೇನಾ ನಿನ್ನ ಅನಾಥ ಮಕ್ಕಳು?"

ಟೀಚರು ಕಿಟಕಿಯ ಕಡೆ ನೋಡಿದಳು. ಆಮೇಲೆ ಎದ್ದು ಬಂದು ಪಿಸುಗುಟ್ಟಿದಳು. "ರಂಪ ಮಾಡ್ಬೇಡ ಅಕ್ಕಾ. ನಿನ್ ಮಗಳದಕ್ಕೂ ಒಂದು ಮುದ್ರೆ ಒತ್ತಿಸ್ತೀನಿ, ಕೂತು ನುಡಿಸ್ಲಿ. ನೀನು ಸುಮ್ನೆ ಮನೆಗೆ ಹೋಗು."

"ಹೂಂ ಅನ್ನಮ್ಮಾ," ಎಂದಳು ಹುಡುಗಿ. ನುಡಿಸಿ ನುಡಿಸಿ ಅವಳ ಗಲ್ಲದಡಿ ಕೆಂಪು ಗಾಯ ಒಣಗಿರಲೇ ಇಲ್ಲ.

ಅಮ್ಮ ಟೇಬಲ್ಲಿನ ಪಿಟೀಲುಗಳತ್ತ ಬೆರಳು ತೋರಿದಳು. "ಇವನ್ನ ಮಾಡಿದ್ಯಾರು? ಇಷ್ಟು ಜನರ ಮುಂದೆ ಒಂದ್ಸಲ ಹೇಳ್ಬಿಡು, ತಂಗೀ. ಹೋಗ್ತೀನಿ."

"ಮುದ್ರೆ ಕಾಣಲ್ವೇನೇ ಮುಂಡೇದೆ?" ಸಾಹುಕಾರ ಗದರಿದ.

ಟೀಚರು ಸೆರಗು ಸರಿಮಾಡಿಕೊಂಡಳು. "ಅಂಗಡಿಯವರೇ ಮಾಡಿದ್ದು. ನೀವು ಆಚೆ ನಡೀರಮ್ಮಾ."

ಅಮ್ಮ ಟೇಬಲ್ಲಿನಿಂದ ಒಂದು ಪಿಟೀಲು ಎತ್ತಿಕೊಂಡು ತಂತಿಗಳನ್ನೆಲ್ಲ ಸಡಿಲಿಸಿದಳು. ಬೋರಲು ಹಿಡಿದು ಕುಲುಕಿದಳು. ಪಿಟೀಲಿನ ಹೊಟ್ಟೆಯೊಳಗೆ ಅಂಟಿಲ್ಲದೆ, ಬರೀ ಬಿಗಿತದ ಮೇಲೆ ನಿಲ್ಲುವ ಕಡ್ಡಿಯೊಂದಿರುತ್ತದೆ; ಅದು ಬಿದ್ದರೆ ದನಿ ಸತ್ತಂತೆ. ಕಡ್ಡಿ ಮೇಲ್ಹಲಗೆಯ ಸೀಳಿನಿಂದ ಜಾರಿ ಟೇಬಲ್ಲಿನ ಮೇಲೆ ಉರುಳಿತು. ಇನ್ನೊಂದನ್ನು ಎತ್ತಿಕೊಂಡಳು.

"ಹಿಡ್ಕೊಳ್ರೋ ಈ ಹುಚ್ಚೀನ!" ಸಾಹುಕಾರ ಕೂಗಿದ.

ಯಾವ ಅಪ್ಪನೂ ಏಳಲಿಲ್ಲ. ನಾಲ್ಕನೆಯದೂ ಬಿತ್ತು.

"ನೀನೇ ಮಾಡಿದ್ದಲ್ವೇನೋ ಬೋಳಿಮಗನೇ? ಈ ಕಡ್ಡೀನ ಒಳಗೆ ನಿಲ್ಸು. ನಿನ್ ಕೈಲಾಗದಿದ್ರೆ ನಿನ್ ಮುದ್ರೆಗೆ ಹೇಳು, ನಿಲ್ಸುತ್ತೆ."

ಸಾಹುಕಾರ ಕಡ್ಡಿ ಮುಟ್ಟಲಿಲ್ಲ. ಕೋಣೆಯಲ್ಲಿ ದನಿಯಿದ್ದ ಪಿಟೀಲು ಈಗ ಒಂದೇ.

"ನುಡಿಸೇ," ಎಂದಳು ಅವಳು ಮಗಳಿಗೆ.

ಹುಡುಗಿ ಪಿಟೀಲನ್ನು ಎದೆಗವಚಿಕೊಂಡು, ಅಪ್ಪಣೆಗೆ ಕಾಯುವಂತೆ ಟೀಚರ ಮುಖವನ್ನೇ ನೋಡುತ್ತಿದ್ದಳು.