ಮೂರನೆಯ ಬೇರಿಂಗು

ಆ ಭಾನುವಾರ ಹೆಲ್ಕಾ ಮಾಡಿದ ತಪ್ಪು ಇಷ್ಟೇ, ಗೆದ್ದುಬಿಟ್ಟಳು.

ಗೆದ್ದರೆ ತಪ್ಪೇನು ಅಂತ ಕೇಳುವವರು ಪೊಹ್ಯಾನ್ಮಾ ಸೀಮೆಯ ಜಲ್ಲಿಗುಂಡಿಗಳ ಕಡೆ ಕಾಲಿಟ್ಟವರಲ್ಲ. ಬೇಸಿಗೆಯ ಭಾನುವಾರಗಳಲ್ಲಿ ಇಲ್ಲಿ ಯೊಕ್ಕಿಸ್ ನಡೆಯುತ್ತದೆ. ಗುಜರಿಗೆ ಹೋಗಬೇಕಾದ ಕಾರುಗಳನ್ನು ಮಣ್ಣಿನ ದಾರಿಯಲ್ಲಿ ಓಡಿಸಿ, ಒಂದಕ್ಕೊಂದು ಗುದ್ದಿಸಿಕೊಂಡು ಸುಖಪಡುವ ಆಟ. ಇದಕ್ಕೊಂದು ಕಟ್ಟಳೆ ಉಂಟು. ಓಟ ಮುಗಿದ ಮೇಲೆ, ಅಂದು ಓಡಿಸಿದ ಯಾರು ಬೇಕಾದರೂ ಯಾರ ಕಾರಿಗೆ ಬೇಕಾದರೂ ಕೊಳ್ಳುತ್ತೇನೆಂದು ಚೀಟಿ ಹಾಕಬಹುದು. ಬೆಲೆ ಎಲ್ಲ ಕಾರಿಗೂ ಒಂದೇ, ಮೊದಲೇ ಗೊತ್ತುಮಾಡಿದ್ದು. ಒಂದೇ ಕಾರಿಗೆ ಹಲವರು ಆಸೆಪಟ್ಟರೆ ಚೀಟಿ ಎತ್ತುತ್ತಾರೆ. ಕೊಡಲ್ಲ ಅಂದವರ ಲೈಸೆನ್ಸು ಹೋಯಿತು. ದುಡ್ಡಿದ್ದವರು ದುಡ್ಡು ಸುರಿದು ಗೆಲ್ಲಬಾರದು ಅಂತ ಯಾವ ಪುಣ್ಯಾತ್ಮರೋ ಮಾಡಿಟ್ಟ ಕಟ್ಟಳೆ.

ಹಾಗಾಗಿ ಒಳ್ಳೆ ಕಾರು ಇರುವವರು ಅದನ್ನು ಕೆಟ್ಟದಾಗಿ ಇಟ್ಟುಕೊಳ್ಳುತ್ತಾರೆ. ನೆಗ್ಗಿದ ಬಾಗಿಲನ್ನು ತಟ್ಟಿ ಸರಿಮಾಡುವುದಿಲ್ಲ. ಎಂಜಿನ್ನಿನ ಮೇಲಿನ ಜಿಡ್ಡು ಒರೆಸುವುದಿಲ್ಲ. ಯಾರಾದರೂ ಚೆನ್ನಾಗಿ ಓಡ್ತಲ್ಲ ಅಂದರೆ, "ಅಯ್ಯೋ ಬಿಡು, ಗೇರೇ ಬೀಳಲ್ಲ" ಅಂತ ಮುಖ ಹುಳ್ಳಗೆ ಮಾಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಗೆಲ್ಲುವುದಿಲ್ಲ. ಹಾಲಿನ ಟ್ಯಾಂಕರ್ ಓಡಿಸುವ ಹೆಲ್ಕಾ ಅಲ್ಲಿಯವರೆಗೆ ನಾಲ್ಕನೆಯವಳಾಗಿಯೇ ಬರುತ್ತಿದ್ದಳು, ಬೇಕಂತಲೇ.

ಹಾಗಾದರೆ ಆ ದಿನ ಅವಳಿಗೆ ಏನು ಬಡಿದುಕೊಂಡಿತ್ತು? ಕುತೂಹಲ, ಮತ್ತೇನು.

ಅವಳ ಕಾರಿಗೆ ರೀಮ್ಯಾಪ್ ಆಗಿತ್ತು. ಪೆಟ್ರೋಲು ಎಷ್ಟು ಬೇಕು, ಕಿಡಿ ಯಾವಾಗ ಹಾರಬೇಕು, ಎಂಜಿನ್ ಎಷ್ಟು ಜೋರಾಗಿ ತಿರುಗಬಹುದು ಅಂತ ಲೆಕ್ಕ ಇಡುವ ಪುಟ್ಟ ಪೆಟ್ಟಿಗೆಗೆ ಹೊಸ ಪಾಠ ಹೇಳಿಕೊಡುವುದು. ಲ್ಯಾಪ್‌ಟಾಪು ಚುಚ್ಚಿ ಕಾಫಿ ಕುಡಿಯುವುದರೊಳಗೆ ಮುಗಿಯುವ ಕೆಲಸ. ಮುಗಿಯದೇ ಇರುವುದು ಅದರ ಮುಂದಿನ ಕೆಲಸ. ತಲೆಗೆ ಧೈರ್ಯ ಬಂತು, ಮೈಗೂ ಬರಬೇಡವೇ? ವಾಲ್ವಿನ ಸ್ಪ್ರಿಂಗುಗಳು ಆ ವೇಗಕ್ಕೆ ಸೋತವು, ಗಟ್ಟಿ ಸ್ಪ್ರಿಂಗು ಹಾಕಿದಳು. ಪ್ಲಗ್ಗುಗಳು ಕಾದು ಬಿಳಿಚಿಕೊಂಡವು, ಬೇಗ ತಣಿಯುವ ಜಾತಿಯವನ್ನು ಹಾಕಿದಳು. ಕ್ಲಚ್ಚು ಜಾರಿತು, ಅದನ್ನೂ ಬದಲಿಸಿದಳು. ಪ್ರತಿ ಓಟಕ್ಕೂ ಹೊಸ ಎಣ್ಣೆ. ಇಷ್ಟು ಸೇವೆ ಮಾಡಿಸಿಕೊಂಡೂ ಮೊದಲ ಬೇಸಿಗೆಯಲ್ಲಿ ಒಂದು ಎಂಜಿನ್ ಸತ್ತಿತು, ಮುಂದಿನ ಬೇಸಿಗೆಯಲ್ಲಿ ಇನ್ನೊಂದು. ಎರಡನ್ನೂ ಬಿಚ್ಚಿ ನೋಡಿದರೆ ಸುಟ್ಟಿದ್ದು ಒಂದೇ ಜಾಗ, ಮೂರನೆಯ ಬೇರಿಂಗು.

ಬೇರಿಂಗು ಅಂದರೆ ಏನು ಮಹಾ, ಬಳೆಯನ್ನು ಎರಡು ಹೋಳು ಮಾಡಿದ ಹಾಗಿರುವ ತೆಳು ತಗಡು. ಮೇಲೆ ಎಣ್ಣೆಯ ಪದರ ಇರುವವರೆಗೆ ಬೂದು ಬಣ್ಣದಲ್ಲಿ ನುಣ್ಣಗೆ ಬಾಳುತ್ತದೆ. ಚಿಟಿಕೆ ಹೊಡೆಯುವಷ್ಟು ಹೊತ್ತು ಎಣ್ಣೆ ತಪ್ಪಿದರೂ ಸವೆದು ಒಳಗಿನ ತಾಮ್ರ ಕಾಣಿಸಿಕೊಳ್ಳುತ್ತದೆ. ಆದರೆ ಮೂರನೆಯದೇ ಯಾಕೆ? ಚಳಿಗಾಲವಿಡೀ ಹೆಲ್ಕಾ ಇದನ್ನೇ ತಲೆಯಲ್ಲಿಟ್ಟುಕೊಂಡು ಟ್ಯಾಂಕರ್ ಓಡಿಸಿದಳು. ಒಂದು ದಿನ ಅರ್ಧ ತುಂಬಿದ ಟ್ಯಾಂಕರನ್ನು ತಿರುವಿನಲ್ಲಿ ತಿರುಗಿಸುವಾಗ ಹಾಲು ಪಕ್ಕಕ್ಕೆ ವಾಲಿ ಗಾಡಿಯನ್ನು ಎಳೆಯಿತು. ಆಗ ಹೊಳೆಯಿತು. ಜಲ್ಲಿಗುಂಡಿಯ ಉದ್ದ ಎಡತಿರುವಿನಲ್ಲಿ ಎಂಜಿನ್ನಿನ ತಳದ ಎಣ್ಣೆಯೂ ಹೀಗೇ ಬಲಕ್ಕೆ ವಾಲುತ್ತದೆ, ಎಣ್ಣೆ ಹೀರಬೇಕಾದ ಕೊಳವೆ ಗಾಳಿ ಹೀರುತ್ತದೆ. ಟ್ಯಾಂಕರಿನ ಹೊಟ್ಟೆಯನ್ನು ಕೋಣೆ ಕೋಣೆ ಮಾಡಿರುವ ಹಾಗೆ, ಎಣ್ಣೆತಟ್ಟೆಯೊಳಗೆ ಆ ಕೊಳವೆಯ ಸುತ್ತ ತಗಡಿನ ಪುಟ್ಟ ಕೋಣೆಯೊಂದನ್ನು ಬೆಸೆದಳು. ಎಣ್ಣೆ ಒಳಕ್ಕೆ ಬರಬಹುದು, ಹೊರಕ್ಕೆ ಹೋಗಲಾರದು, ಅಂಥ ಬಾಗಿಲುಗಳು.

ಬೇಸಿಗೆ ಮುಗಿದ ಮೇಲೆ ಎಂಜಿನ್ ಬಿಚ್ಚಿ ಆ ಮೂರನೆಯ ಬೇರಿಂಗನ್ನು ಕೈಯಲ್ಲಿ ಹಿಡಿದು ನೋಡಬೇಕು. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ತನ್ನ ಊಹೆ ಸರಿಯೋ ತಪ್ಪೋ ಗೊತ್ತಾಗಬೇಕು.

ಆ ಭಾನುವಾರ ಎಂದಿನಂತೆ ನಾಲ್ಕನೆಯವಳಾಗಿ ಹೋಗುತ್ತಿದ್ದಳು. ಹಿಂದಿನ ಬೇಸಿಗೆಗಳಲ್ಲಿ ಎಡತಿರುವಿನಲ್ಲಿ ಪ್ರತಿಸಲ ಮಿಣಕುತ್ತಿದ್ದ ಎಣ್ಣೆಯ ಕೆಂಪು ದೀಪ ಈ ಬೇಸಿಗೆಯಲ್ಲಿ ಮಿಣಕಿರಲಿಲ್ಲ, ಅಂದೂ ಮಿಣಕಲಿಲ್ಲ. ಇನ್ನೂ ಸ್ವಲ್ಪ ಒತ್ತಿದರೆ? ಒತ್ತಿದಳು, ದೀಪ ಬರಲಿಲ್ಲ. ಪೂರ್ತಿ ಒತ್ತಿದರೆ? ಕಣ್ಣೆಲ್ಲ ಆ ದೀಪದ ಮೇಲೆ. ಅದು ಬರಲೇ ಇಲ್ಲವೆಂದು ಖುಷಿಯಾಗಿ ತಲೆಯೆತ್ತಿ ನೋಡಿದರೆ ಮುಂದೆ ಯಾರೂ ಇರಲಿಲ್ಲ, ಯಾರೋ ಬಾವುಟ ಬೀಸುತ್ತಿದ್ದರು.

"ಏನೇ ಮಾಡ್ಕೊಂಡೆ ನೀನು" ಅಂದ ಗಂಡ ಟೆರ್ಹೊ, ಸಾಸಿವೆ ಹಚ್ಚಿದ ಸಾಸೇಜನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದು.

"ದೀಪ ಬರ್ಲಿಲ್ಲ ಕಣೋ."

"ದೀಪ ಬರ್ಲಿಲ್ಲ, ಸರಿ. ಈಗ ಚೀಟಿ ಬರುತ್ತೆ ನೋಡ್ತಿರು."

ಬಂದವು. ಕಾಫಿ ಅಂಗಡಿಯ ಸಿರ್ಕ್ಕಾ ಹೆಲ್ಮೆಟ್ಟಿನೊಳಗೆ ಕೈಹಾಕಿ ಒಂದನ್ನು ಎತ್ತಿದಳು. ಯಾಲ್ಮಾರಿಯ ಹೆಸರು. ಪಕ್ಕದ ಊರಿನ ಹಂದಿ ಸಾಕುವವನು, ಟ್ರ್ಯಾಕ್ಟರಿಗೂ ಕಾರಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ಒಂದೇ ಡಬ್ಬದ ಎಣ್ಣೆ ಸುರಿಯುವ ಆಸಾಮಿ.

ಯಾಲ್ಮಾರಿ ಬಂದು ಕೀಲಿಗೆ ಕೈಚಾಚಿದ. "ಏನಾದ್ರೂ ಹೇಳೋದಿದ್ಯಾ, ಹೆಲ್ಕಾ?"

ಮಾರಿದ ಕಾರಿನ ಗುಟ್ಟು ಹೇಳುವ ಪದ್ಧತಿ ಇಲ್ಲಿಲ್ಲ. ಕೊಂಡವನು ಕೇಳುವುದೂ ಬಾಯಿಮಾತಿಗೆ. "ಏನಿಲ್ಲ. ಗೇರು ಸರಿಯಾಗಿ ಬೀಳಲ್ಲ" ಅಂದು ಕೀಲಿ ಕೊಟ್ಟು ತಿರುಗಿದಳು.

ವಾರ ಕಳೆಯುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ. ಕಾರು ಹೋದದ್ದಕ್ಕೆ ಅಳು ಬರಲಿಲ್ಲ, ಕಾರು ಇನ್ನೊಂದು ಸಿಗುತ್ತದೆ. ಆದರೆ ಯಾಲ್ಮಾರಿ ಆ ದರಿದ್ರ ಎಣ್ಣೆ ಸುರಿದು ಎಂಜಿನ್ ಕೊಂದರೆ, ಬೇರಿಂಗು ಸತ್ತದ್ದು ಎಣ್ಣೆಯಿಂದಲೋ ತನ್ನ ಕೋಣೆ ಸೋತದ್ದರಿಂದಲೋ ಯಾರಿಗೆ ಗೊತ್ತಾಗಬೇಕು? ಅದನ್ನು ನೆನೆದರೆ ಅನ್ನ ಸೇರದ ಹಾಗಾಗುತ್ತಿತ್ತು. ಒಳ್ಳೆ ಎಣ್ಣೆಯ ದೊಡ್ಡ ಡಬ್ಬವೊಂದನ್ನು ತೆಗೆದುಕೊಂಡು ಅವನ ಮನೆಗೆ ಹೋದಳು.

ಯಾಲ್ಮಾರಿ ಡಬ್ಬದ ಮುಚ್ಚಳ ತೆಗೆದು ಮೂಸಿ ನೋಡಿದ. "ಇದರಲ್ಲಿ ಏನು ಬೆರೆಸಿದೀಯ?"

"ಬೆರೆಸೋಕೆ ನನಗೇನು ಬೇರೆ ಕೆಲಸ ಇಲ್ವಾ. ಆ ಎಂಜಿನ್ನಿಗೆ ಈ ಎಣ್ಣೆಯೇ ಆಗಬೇಕು. ಪ್ರತಿ ಓಟಕ್ಕೂ ಬದಲಾಯಿಸು. ಪ್ಲಗ್ಗು ಕಳಚಿ ಬಣ್ಣ ನೋಡ್ತಿರು, ಬಿಳಿಯಾದ್ರೆ ಹುಷಾರಾಗು. ಬೆಚ್ಚಗಾಗೋ ತನಕ ಜೋರು ಮಾಡ್ಬೇಡ."

"ಮೊದಲ್ನೇ ಹೆಂಡತಿ ಬಂದು ಎರಡ್ನೇಯವಳಿಗೆ ಗಂಡನಿಗೆ ಏನು ಬಡಿಸ್ಬೇಕು ಅಂತ ಹೇಳಿಕೊಟ್ಟ ಹಾಗಾಯ್ತಲ್ಲೇ" ಅಂತ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ನಗು, ನಗು. ಇನ್ನೊಂದು ಮಾತು. ಆ ಎಂಜಿನ್ ಒಂದ್ಸಲ ಬಿಚ್ಚೋಣ್ವಾ? ನಾನೇ ಬಿಚ್ಚಿ, ನಾನೇ ಜೋಡಿಸಿಕೊಡ್ತೀನಿ. ಕಣ್ಣಾರೆ ನೋಡಿದ್ರೆ ಸಾಕು."

ಅವನ ನಗು ನಿಂತಿತು. "ಓಡೋ ಎಂಜಿನ್ನ ಯಾರಾದ್ರೂ ಬಿಚ್ತಾರಾ? ನನ್ನ ಕಡೇ ಓಟ ತಪ್ಪಿಸೋ ಪ್ಲಾನಾ? ಹೋಗು ಮಾರಾಯ್ತಿ, ಹಂದಿಗಳಿಗೆ ಹೊಟ್ಟೆ ಹಸ್ದಿದೆ." ಡಬ್ಬವನ್ನು ಮಾತ್ರ ವಾಪಸು ಕೊಡಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ, ಚೀಟಿ. ಚೀಟಿ ಹಾಕಬೇಕೆಂದರೆ ಆ ದಿನ ತಾನೂ ಓಡಿಸಿರಬೇಕು. ಟೆರ್ಹೊ ಮದುವೆಗೆ ಮುಂಚೆ ಓಡಿಸುತ್ತಿದ್ದ ಯೊಕ್ಕಿಸ್ ಕಾರೊಂದು ಹಬೆಸ್ನಾನದ ಸೌನಾಮನೆಯ ಹಿಂದೆ ತುರಚೆ ಗಿಡಗಳ ನಡುವೆ ಮುಳುಗಿತ್ತು. ಅದನ್ನು ಎಳೆದು ತೆಗೆದರು. ಸೀಟಿನೊಳಗೆ ಇಲಿ ಗೂಡು ಕಟ್ಟಿತ್ತು.

"ಇದರಲ್ಲಿ ಕೊನೇಲಿ ಬರೋದೂ ಕಷ್ಟ" ಅಂದ ಟೆರ್ಹೊ.

"ಕೊನೇಲೇ ಬರ್ತೀನಿ. ನನಗೆ ಬೇಕಾಗಿರೋದು ಅದರ ಸದ್ದು."

"ಅಲ್ಲ ಕಣೇ, ಚೀಟಿ ಹಾಕೋರು ಎಷ್ಟು ಜನ ಇರ್ತಾರೋ. ನಿನ್ನ ಹೆಸರೇ ಬರುತ್ತೆ ಅಂತ ಏನು ಗ್ಯಾರಂಟಿ?"

ಅವಳಿಗೂ ಅದೇ ಭಯವಿತ್ತು. ಆ ಕಾರು ದೂರದೂರಿನವನೊಬ್ಬನ ಟ್ರೈಲರ್ ಹತ್ತಿ ಹೋಗಿಬಿಟ್ಟರೆ ಉತ್ತರವೂ ಅದರ ಜೊತೆಗೇ ಹೋಯಿತು.

ಬೇಸಿಗೆಯ ಕಡೆಯ ಓಟದ ದಿನ ಜನ ಜಾತ್ರೆಯಷ್ಟು. ಹೆಲ್ಕಾ ಹೇಳಿದ ಹಾಗೇ ಕೊನೆಯಲ್ಲಿ ಉರುಳಿಕೊಂಡು ಹೋದಳು. ಯಾಲ್ಮಾರಿ ಒಂದು ಸುತ್ತು ಜಾಸ್ತಿ ಹಾಕಿ ಎಡತಿರುವಿನಲ್ಲಿ ಪಕ್ಕದಲ್ಲೇ ಹಾದುಹೋಗುವಾಗ ಉಸಿರು ಬಿಗಿಹಿಡಿದು ಆಲಿಸಿದಳು. ಟಕಟಕ ಇಲ್ಲ, ಗುದ್ದಾಟ ಇಲ್ಲ. ಎಂಜಿನ್ ಚೆನ್ನಾಗಿ ಹಾಡುತ್ತಿತ್ತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಇದು ತನ್ನನ್ನು ಹಿಂದೆ ಹಾಕಿದ ಕಾರು ಅನ್ನುವುದೇ ಮರೆತುಹೋಯಿತು.

ಫೈನಲ್ಲಿಗೆ ಅವಳು ಆಯ್ಕೆಯಾಗಲಿಲ್ಲ, ಬೇಲಿಯ ಹತ್ತಿರ ನಿಂತು ನೋಡಿದಳು. ಎರಡನೆಯ ಸುತ್ತಿಗೇ ಯಾಲ್ಮಾರಿಯ ಕಾರಿನ ಹಿಂದಿನಿಂದ ನೀಲಿ ಹೊಗೆ. ಮೂರನೆಯ ಸುತ್ತಿಗೆ ಇನ್ನೂ ದಟ್ಟವಾಯಿತು. ಸುತ್ತ ನಿಂತವರು ಮೂಗು ಮುಚ್ಚಿಕೊಂಡರು. "ಮುಗೀತು ಅದರ ಕಥೆ" ಅಂದ ಯಾರೋ ಒಬ್ಬ, ಬರೆದಿಟ್ಟುಕೊಂಡಿದ್ದ ಚೀಟಿಯನ್ನು ಮುದುರಿ ಹುಲ್ಲಿಗೆ ಎಸೆದ. ಅವನನ್ನು ನೋಡಿ ಪಕ್ಕದವನೂ ಎಸೆದ. ಯಾಲ್ಮಾರಿ ಕೆಮ್ಮುತ್ತಾ ಕುಂಟುತ್ತಾ ನಾಲ್ಕನೆಯವನಾಗಿ ಗೆರೆ ದಾಟಿದ.

ಟೆರ್ಹೊ ಹೆಂಡತಿಯ ಭುಜದ ಮೇಲೆ ಕೈಯಿಟ್ಟ. "ಬಿಡು. ಹೋಗ್ಲಿ. ಸತ್ತ ಎಂಜಿನ್ ತಗೊಂಡು ಏನ್ಮಾಡ್ತೀಯ?"

"ಬಿಚ್ಚಿ ನೋಡ್ತೀನಿ" ಅಂದಳು ಹೆಲ್ಕಾ. ಕಣ್ಣಲ್ಲಿ ನೀರಿತ್ತು. "ಯಾಕೆ ಸತ್ತಿತು ಅಂತಾದ್ರೂ ಗೊತ್ತಾಗ್ಬೇಡ್ವಾ?"

ಸಿರ್ಕ್ಕಾ ಹೆಲ್ಮೆಟ್ಟಿನೊಳಗೆ ಕೈಹಾಕಿ ಒಂದು ಚೀಟಿ ತೆಗೆದು, ಮತ್ತೆ ಕೈಹಾಕಿ ತಡಕಾಡಿ, ಹೆಲ್ಮೆಟ್ಟನ್ನು ಬೋರಲು ಮಾಡಿ ಅಲ್ಲಾಡಿಸಿದಳು. ಇದ್ದದ್ದು ಅದೊಂದೇ. ಹೆಲ್ಕಾಳ ಹೆಸರು ಓದಿದಳು.

ಎಲ್ಲರಿಗಿಂತ ಹೆಚ್ಚು ದಂಗಾದವನು ಯಾಲ್ಮಾರಿ. ಬಾಯಿ ತೆರೆದವನು ಮುಚ್ಚಲಿಲ್ಲ. "ಅಷ್ಟೊಂದು ಹೊಗೆ ಬಿಡೋ ಗಾಡೀನ ಯಾವಳಾದ್ರೂ ತಗೋತಾಳಾ?"

"ನಾನು ತಗೋತೀನಿ."

"ಅಯ್ಯೋ ನಿನ್ನ... ಅದು ಎಂಜಿನ್ನಿನ ಹೊಗೆ ಅಲ್ಲ ಕಣೇ." ಅವನು ಸುತ್ತಮುತ್ತ ನೋಡಿ ದನಿ ತಗ್ಗಿಸಿದ. "ಫೈನಲ್ಲಿಗೆ ಮುಂಚೆ ಸೈಲೆನ್ಸರೊಳಗೆ ಟ್ರ್ಯಾಕ್ಟರ್ ಎಣ್ಣೆ ಸುರಿದಿದ್ದೆ. ಯಾರೂ ಚೀಟಿ ಹಾಕ್ಬಾರ್ದು ಅಂತ. ಎಂಜಿನ್ ಕಲ್ಲುಗುಂಡಿನ ಹಾಗಿದೆ. ನಿನ್ನ ಡಬ್ಬದ ಎಣ್ಣೇನೇ ಹಾಕಿದ್ದು, ಪ್ಲಗ್ಗೂ ನೋಡ್ತಿದ್ದೆ. ಅಂಥ ಗಾಡಿ ನನ್ನ ಜನ್ಮದಲ್ಲಿ ಓಡಿಸಿರ್ಲಿಲ್ಲ." ಅವನ ಮುಖ ನೋಡಿದರೆ ಅಯ್ಯೋ ಅನಿಸುವ ಹಾಗಿತ್ತು. ಆದರೂ ಕೀಲಿ ಕೊಟ್ಟ, ಕಟ್ಟಳೆ ಕಟ್ಟಳೆಯೇ.

ಕೀಲಿ ಇಸಿದುಕೊಂಡ ಹೆಲ್ಕಾ "ನಾಳೆ ಬಾ, ಬಿಚ್ಚೋವಾಗ" ಅಂದಳು.

ಮರುದಿನ ಯಾಲ್ಮಾರಿ ಬಂದ, ಹೆಂಡತಿ ಮಾಡಿದ ಸಿಹಿ ಬನ್ನುಗಳ ಪೊಟ್ಟಣ ಹಿಡಿದುಕೊಂಡು. ಮೂವರೂ ಸೇರಿ ಕಾರನ್ನು ಎತ್ತಿ ನಿಲ್ಲಿಸಿ, ಎಣ್ಣೆ ಬಸಿದು, ತಟ್ಟೆ ಇಳಿಸಿದರು. ತಗಡಿನ ಕೋಣೆ ಕಂಡೊಡನೆ ಯಾಲ್ಮಾರಿ ಅದರೊಳಗೆ ಬೆರಳು ಹಾಕಿ ಬಾಗಿಲುಗಳನ್ನು ಆಡಿಸಿ ನೋಡಿದ. ಏನಿದು ಅಂತ ಕೇಳುವ ಆಸೆ ಮುಖದ ತುಂಬ ಇತ್ತು, ಪದ್ಧತಿ ಅಲ್ಲವೆಂದು ಸುಮ್ಮನಿದ್ದ.

ಹೆಲ್ಕಾ ಮೂರನೆಯ ಬೇರಿಂಗಿನ ಮುಚ್ಚಳದ ಬೋಲ್ಟು ಸಡಿಲಿಸಿದಳು. ಟೆರ್ಹೊ ದೀಪ ಹಿಡಿದ. ತಗಡು ಅಂಗೈಗೆ ಬಿತ್ತು. ಅಂಗಿಯ ತುದಿಯಿಂದ ಒರೆಸಿ ಬೆಳಕಿಗೆ ಹಿಡಿದಳು.

ಬೂದು, ಈ ತುದಿಯಿಂದ ಆ ತುದಿಯವರೆಗೆ ನುಣುಪಾದ ಬೂದು. ಉಗುರಿನಿಂದ ಗೀರಿದರೂ ಏನೂ ಸಿಕ್ಕಲಿಲ್ಲ. ಅವಳು ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತು, ಹಗುರಾಗಿ ನಕ್ಕಳು. ಚಳಿಗಾಲವಿಡೀ ತಲೆ ತಿಂದದ್ದು ಇಷ್ಟೇ ಅಲ್ಲವೇ ಅಂತ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಆಮೇಲೆ ಯಾಲ್ಮಾರಿಯನ್ನು ಹತ್ತಿರ ಕರೆದು ಎಲ್ಲವನ್ನೂ ಹೇಳಿದಳು. ಎಡತಿರುವು, ವಾಲುವ ಎಣ್ಣೆ, ಗಾಳಿ ಕುಡಿಯುವ ಕೊಳವೆ, ಬಾಗಿಲುಗಳ ಅಳತೆ, ತಗಡು ಎಷ್ಟು ದಪ್ಪ ಇರಬೇಕು, ಒಂದನ್ನೂ ಬಿಡಲಿಲ್ಲ.

ಟೆರ್ಹೊಗೆ ಬನ್ನು ಗಂಟಲಲ್ಲಿ ಸಿಕ್ಕಿಕೊಂಡಿತು.

"ಇದನ್ನೆಲ್ಲ ನನಗ್ಯಾಕೆ ಹೇಳ್ತಿದೀಯ?" ಅಂದ ಯಾಲ್ಮಾರಿ ಅನುಮಾನದಿಂದ. "ನಾಳೆನೇ ನನ್ನ ಹಳೆ ಗಾಡಿಗೂ ಮಾಡ್ಕೋತೀನಿ ನೋಡು."

"ಮಾಡ್ಕೋ" ಅಂದಳು ಹೆಲ್ಕಾ, ಬೇರಿಂಗನ್ನು ಇನ್ನೂ ಬೆಳಕಿಗೆ ತಿರುಗಿಸುತ್ತಾ. "ಒಂದೇ ಎಂಜಿನ್ ನೋಡಿದ್ರೆ ಏನು ಗೊತ್ತಾಗುತ್ತೆ? ಮುಂದಿನ ಬೇಸಿಗೆ ನಾನು ಚೀಟಿ ಹಾಕಿ ತಗೊಂಡು, ನಿಂದೂ ಬಿಚ್ಚಿ ನೋಡ್ತೀನಿ."