ಕಿರುನಾಲಿಗೆಯ ತಪ್ಪಲ್ಲ

ಧೂಳುಗಾಳಿಯ ತಿಂಗಳಲ್ಲಿ ಮಕ್ಕಳಿಗೆ ಜ್ವರ ಬಂದರೆ ಮರಳುಗಾಡಿನ ಅಂಚಿನ ಜಿಂದೇರ್ ಕಡೆಯ ಹಳ್ಳಿಗಳಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಗಂಟಲಿನ ಕಿರುನಾಲಿಗೆ ಊದಿದೆ ಎನ್ನುತ್ತಾರೆ, ಕ್ಷೌರದವನನ್ನು ಕರೆದು ಕೊಯ್ಯಿಸುತ್ತಾರೆ. ಕಾಂದೆ ಅಜ್ಜಿಯೂ ನಾಲ್ಕು ವರ್ಷದ ಮೊಮ್ಮಗಳು ಅಸಾಬೆಗಾಗಿ ಕ್ಷೌರದ ತಾಂಕೊನನ್ನು ಕರೆಸಿದ್ದಳು. ಕುಡಿಸಿದ ಸಜ್ಜೆಗಂಜಿಯನ್ನೆಲ್ಲ ಮಗು ಕಾರಿಕೊಂಡಿತ್ತು. ಬಾಗಿಲ ಬೆಳಕು ಕಣ್ಣಿಗೆ ಬಿದ್ದರೆ ಚೀರುತ್ತಿತ್ತು.

ಅಷ್ಟರಲ್ಲಿ ಸೊಸೆ ರಕಿಯಾ ಪಕ್ಕದ ಮನೆಯ ಗಾಂಬೊಳನ್ನು ಕರೆತಂದಳು. ಆರೋಗ್ಯ ಕೇಂದ್ರದ ಪರವಾಗಿ ಮನೆಮನೆ ತಿರುಗುವ ಗಾಂಬೊಳನ್ನು ಕಂಡರೆ ಕಾಂದೆಗೆ ಆಗದು. ಸೂಜಿಮದ್ದಿನಿಂದ ಹೆಣ್ಣುಮಕ್ಕಳು ಬಂಜೆಯಾಗುತ್ತಾರೆಂಬ ಸುಳ್ಳುಸುದ್ದಿಯನ್ನು ನಂಬಿ, ಲಸಿಕೆಯ ದಿನ ಅಸಾಬೆಯನ್ನು ಕಣಜದ ಹಿಂದೆ ಬಚ್ಚಿಟ್ಟವಳು ಅವಳು.

“ಮಗೂನ ಆಸ್ಪತ್ರೆಯೋರಿಗೆ ಹಿಡ್ಕೊಡೋಕೆ ಬಂದ್ಯೇನೇ?”

“ಆಮೇಲೆ ಬೈಯಜ್ಜಿ. ಮೊದ್ಲು ಅದರ ಗದ್ದ ಎದೆಗೆ ಮುಟ್ಟುತ್ತಾ, ಮೆಲ್ಲಗೆ ನೋಡು. ನಾನು ಮುಟ್ಟಲ್ಲ, ನೀನೇ ನೋಡು.”

ಅವಳು ಮುಟ್ಟುವುದಿಲ್ಲ ಎಂದದ್ದೇ ಕಾಂದೆಗೆ ಇನ್ನೊಂದು ಅನುಮಾನ. “ಇದೇನು ಹೊಸ ಆಟ?” ಎನ್ನುತ್ತಲೇ ಮಗುವಿನ ತಲೆಯಡಿ ಅಂಗೈಯಿಟ್ಟು ಎತ್ತಿದಳು. ಕುತ್ತಿಗೆ ಬಾಗಲಿಲ್ಲ. ತಲೆಯ ಜೊತೆಗೆ ಭುಜ, ಬೆನ್ನು ಹಲಗೆಯಂತೆ ಮೇಲೆದ್ದವು. ಮಗು ನರಳಿತು.

ತಾಂಕೊ ಕತ್ತಿಯನ್ನು ಚೀಲಕ್ಕೆ ಹಾಕಿದ. “ಇದು ನನ್ನ ಕೈಲಾಗೋದಲ್ಲ ಕಣಕ್ಕಾ. ನನ್ನ ಬೈಕ್ ಹತ್ತು.”

“ಮೆನಿಂಜೈಟಿಸ್ ಇರ್ಬೋದು,” ಎಂದಳು ಗಾಂಬೊ. “ಮಿದುಳಿನ ಸುತ್ತಲ ಪೊರೆಗೆ ಹತ್ತೋ ಸೋಂಕು. ನಾಳೆ ನೋಡೋಣ ಅನ್ನೋ ಕಾಯಿಲೆ ಅಲ್ಲ.”

ಕಾಂದೆ ಮಗುವನ್ನು ಎದೆಗವಚಿಕೊಂಡು ಬೈಕ್ ಹತ್ತಿದಳು. ಆಸ್ಪತ್ರೆಯಲ್ಲಿ ಔಷಧಿ ಶುರು ಮಾಡಿದರು. ಪರೀಕ್ಷೆಗೆಂದು ಬೆನ್ನುಮೂಳೆಯೊಳಗಿನ ನೀರು ತೆಗೆಯಬೇಕೆಂದಾಗ ಕಾಂದೆ ಅಡ್ಡ ನಿಂತಳು. “ತೆಗೆದು ಎಲ್ಲಿಗೆ ಸಾಗಿಸ್ತೀರಿ?”

“ಎಲ್ಲಿಗೂ ಇಲ್ಲ. ಯಾವ ರೋಗಾಣು ಅಂತ ಆ ನೀರಿಂದಲೇ ಗೊತ್ತಾಗ್ಬೇಕು,” ಎಂದಳು ದಾದಿ. “ನಂಬಿಕೆಯಿಲ್ದಿದ್ರೆ ಇಲ್ಲೇ ಕೂತು ಕಾವಲು ಕಾಯಿ.”

ಕಾಂದೆ ನಿಜಕ್ಕೂ ಕೂತಳು.

ಅಸಾಬೆ ಬದುಕಿದಳು. ಆದರೆ ಎಡಗಿವಿ ಕೇಳಿಸದಾಯಿತು.

“ಇನ್ನೂ ಬೇಗ ತಂದಿದ್ರೆ ಕಿವಿ ಉಳೀತಿತ್ತಾ?” ಎಂದು ಕಾಂದೆ ಕೇಳಿದಾಗ ಗಾಂಬೊ ಸುಳ್ಳು ಸಮಾಧಾನ ಹೇಳಲಿಲ್ಲ. “ಉಳೀತಿತ್ತೇನೋ ಅಜ್ಜಿ. ಲಸಿಕೆ ಹಾಕ್ಸಿದ್ರೆ ಕಾಯಿಲೇನೇ ಬರ್ತಿರ್ಲಿಲ್ವೇನೋ.”

ಮುಂದಿನ ಲಸಿಕೆಯ ದಿನ ಕಾಂದೆ ಕಿರಿಯ ಮೊಮ್ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದಳು. “ಸೀಸೆ ನನ್ನೆದುರಿಗೇ ತೆಗೀಬೇಕು. ಸೂಜಿ ಹೊಸದಾ? ಎಲ್ಲಿ, ತೋರ್ಸು!” ಗಾಂಬೊ ಎರಡನ್ನೂ ತೋರಿಸಿದಳು.

ಓದುತ್ತಿರುವ ತಾಯಂದಿರೇ, ಅಜ್ಜಿಯರೇ, ಅನುಮಾನವಿದ್ದರೆ ನೀವೂ ಹೀಗೇ ಎದುರಿಗೆ ನಿಂತು ಕೇಳಿ. ಆದರೆ ಜ್ವರದ ಜೊತೆ ವಾಂತಿ, ತಲೆನೋವು, ಮಂಪರು, ಫಿಟ್ಸ್, ಬಾಗದ ಕುತ್ತಿಗೆ ಕಂಡರೆ ಕಾಯಬೇಡಿ. ಎಳೆಗೂಸಿನ ಕುತ್ತಿಗೆ ಮೆತ್ತಗೇ ಇರಬಹುದು. ನೆತ್ತಿ ಉಬ್ಬಿದರೆ, ಹಾಲು ಕುಡಿಯುವುದನ್ನು ಬಿಟ್ಟರೆ, ಕೀರಲು ದನಿಯಲ್ಲಿ ಅತ್ತರೆ ಅದೂ ಅಪಾಯವೇ. ಕೇಳಬೇಕಾದ್ದನ್ನೆಲ್ಲ ಆಸ್ಪತ್ರೆಯ ದಾರಿಯಲ್ಲೇ ಕೇಳಿ.